ದುಡ್ಡು ಯಾರದು, ಮಾತು ಯಾರದು?

ವಿಡಿಯೋ ಗೇಮ್ ಆಡುವವರು, ಆಡುವ ಮಕ್ಕಳ ಜೊತೆ ಹೆಣಗುವವರು ಬರೆದ ಪತ್ರಗಳು ಈ ಸಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದಲೇ ಹೆಚ್ಚು ಬಂದಿವೆ. ಕೇಳಿದ ಸಂಗತಿಗಳು ಬೇರೆ ಬೇರೆ. ಆದರೂ ಬಹುತೇಕ ಎಲ್ಲದರ ಬುಡದಲ್ಲಿ ಇರುವ ಅನುಮಾನ ಒಂದೇ: ಆಟವನ್ನು ಹೊಗಳುವವರ ಮಾತು ನಂಬಬಹುದೇ?

ಪ್ರಶ್ನೆ: ನಾನು ಮತ್ತು ನನ್ನ ರೂಮ್‌ಮೇಟ್ ಸೇರಿ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇವೆ. ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ ಗೇಮ್ ರಿವ್ಯೂ ಮಾಡುತ್ತೇವೆ. ನೋಡುವವರು ಜಾಸ್ತಿ ಇಲ್ಲ, ಇರುವವರೆಲ್ಲ ನಮ್ಮ ಊರಿನ ಕಡೆಯವರೇ. ಈಚೆಗೆ ಇಬ್ಬರು ನಮ್ಮನ್ನು ಸಂಪರ್ಕಿಸಿದ್ದಾರೆ. ಒಬ್ಬರು ಹೊಸ ಗೇಮ್‌ನ ಕೀ ಉಚಿತವಾಗಿ ಕೊಡುತ್ತಾರಂತೆ, ಚೆನ್ನಾಗಿದೆ ಅನಿಸಿದರೆ ಮಾತ್ರ ವಿಡಿಯೋ ಹಾಕಬೇಕಂತೆ. ಇನ್ನೊಬ್ಬರು ಬಣ್ಣ ಊಹಿಸಿ ದುಡ್ಡು ಗೆಲ್ಲುವ ಆ್ಯಪ್‌ನವರು. ಒಂದು ವಿಡಿಯೋಗೆ ನಮ್ಮ ಒಂದು ಸೆಮಿಸ್ಟರಿನ ಹಾಸ್ಟೆಲ್ ಫೀಸಿನಷ್ಟು ಕೊಡುತ್ತಾರಂತೆ. ಒಪ್ಪಬಹುದಾ ಸರ್?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮೂಡುಬಿದಿರೆ

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ, ಅದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಬೇಡ. ದುಡ್ಡು ಕಟ್ಟಿಸಿಕೊಂಡು ದುಡ್ಡಿನ ಆಸೆ ತೋರಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿ ಕಳೆದುಕೊಂಡವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಆಡಲು ಕರೆದವನಿಗೆ ಇದೆ. ಆ ಕರೆಯುವ ಕೆಲಸವನ್ನೇ ನಿಮ್ಮಿಂದ ಮಾಡಿಸಲು ಅವರು ಹೊರಟಿರುವುದು.

ಕೋರ್ಟಿನಲ್ಲಿ ಇದು ನಿಲ್ಲುವುದಿಲ್ಲ ಎಂದು ಆ್ಯಪ್‌ನವರು ನಿಮಗೆ ಧೈರ್ಯ ತುಂಬಬಹುದು. ಇಂಥ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದ್ದು ನಿಜ. ಕೇಂದ್ರದ ಕಾಯ್ದೆಯನ್ನೂ ಕಂಪನಿಗಳು ಪ್ರಶ್ನಿಸಿವೆ, ಆ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿದೆ. ಆದರೆ ಕಾನೂನು ಇಲ್ಲದಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ನಿಮ್ಮ ವಿಡಿಯೋ ನೋಡಿ ಮನೆ ಕಂತಿನ ದುಡ್ಡು ಹಾಕಿ ಮುಳುಗುವವರು ಎಲ್ಲಿಯವರೋ ಅಲ್ಲ, ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನಿಮಗೆ ಎದುರಾಗುವ ಜನ.

ಈಗ ಉಚಿತ ಕೀ, ಅಂದರೆ ಆಟವನ್ನು ತೆರೆಯುವ ಕೋಡ್ ವಿಷಯ. ವಿಮರ್ಶೆಗಾಗಿ ಆಟದ ಪ್ರತಿ ಉಚಿತವಾಗಿ ಪಡೆಯುವುದು ತಪ್ಪಲ್ಲ, ಪ್ರಪಂಚದಲ್ಲೆಲ್ಲ ನಡೆಯುವ ಪದ್ಧತಿ. ತಪ್ಪಿರುವುದು ಅವರ ಷರತ್ತಿನಲ್ಲಿ. 'ಚೆನ್ನಾಗಿದ್ದರೆ ಮಾತ್ರ ಹಾಕಿ' ಅನ್ನುವುದು ಕೇಳುವುದಕ್ಕೆ ಸೌಮ್ಯವಾಗಿದೆ, ಯಾರೂ ನಿಮಗೆ ಸುಳ್ಳು ಹೇಳಿಸುತ್ತಿಲ್ಲ. ಆದರೆ ಐವತ್ತು ಜನ ಯೂಟ್ಯೂಬರ್‌ಗಳಿಗೆ ಇದೇ ಷರತ್ತು ಹಾಕಿ ಕೀ ಹಂಚಿದರು, ನಲವತ್ತು ಜನರಿಗೆ ಆಟ ಹಿಡಿಸಲಿಲ್ಲ ಎಂದಿಟ್ಟುಕೊಳ್ಳಿ. ನೋಡುವವನ ಕಣ್ಣಿಗೆ ಬೀಳುವುದು ಹತ್ತು ಹೊಗಳಿಕೆ, ಒಂದೂ ತೆಗಳಿಕೆಯಿಲ್ಲ. ಒಬ್ಬರೂ ಸುಳ್ಳು ಹೇಳಲಿಲ್ಲ, ಆದರೂ ನೋಡಿದವನು ಮೋಸಹೋದ.

ಇದು ಬರೀ ಊಹೆ ಅಲ್ಲ. 2014ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿ 'ಶ್ಯಾಡೋ ಆಫ್ ಮೊರ್ಡೊರ್' ಆಟಕ್ಕಾಗಿ ಯೂಟ್ಯೂಬರ್‌ಗಳಿಗೆ ಉಚಿತ ಪ್ರತಿಯ ಜೊತೆಗೆ ಕೆಲವು ನೂರರಿಂದ ಹಿಡಿದು ಹತ್ತಾರು ಸಾವಿರ ಡಾಲರ್‌ವರೆಗೆ ಕೊಟ್ಟಿತ್ತು. ಆಟದ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ದೋಷ ತೋರಿಸಬಾರದು ಎಂಬ ಒಪ್ಪಂದ. ದುಡ್ಡು ತೆಗೆದುಕೊಂಡ ಮಾತನ್ನು ಹಲವರು ವಿಡಿಯೋ ಕೆಳಗಿನ ವಿವರಣೆಯಲ್ಲಿ, 'ಇನ್ನಷ್ಟು ನೋಡಿ' ಒತ್ತಿದರೆ ಮಾತ್ರ ಕಾಣುವ ಜಾಗದಲ್ಲಿ ಹಾಕಿದ್ದರು. ಆ ವಿಡಿಯೋಗಳನ್ನು ಜನ 55 ಲಕ್ಷಕ್ಕೂ ಹೆಚ್ಚು ಸಲ ನೋಡಿದ್ದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಪ್ರಕರಣ ಹೂಡಿತು, 2016ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ನನಗೆ ಇದರಲ್ಲಿ ಬೇಸರ ತರಿಸುವ ಸಂಗತಿ ಬೇರೆಯೇ. ಆ ಆಟ ನಿಜಕ್ಕೂ ಚೆನ್ನಾಗಿತ್ತು. ದುಡ್ಡು ಕೊಡದಿದ್ದರೂ ಹೊಗಳಿಕೆ ಸಿಗುತ್ತಿತ್ತು. ದುಡ್ಡು ಕೊಟ್ಟ ಮೇಲೆ ಪ್ರಾಮಾಣಿಕವಾಗಿ ಮೆಚ್ಚಿದವರ ಮಾತಿಗೂ ಬೆಲೆ ಹೋಯಿತು.

ನಮ್ಮ ದೇಶದಲ್ಲೂ ನಿಯಮ ಇದೆ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ನಗದು ಮಾತ್ರವಲ್ಲ, ಉಚಿತ ವಸ್ತು, ರಿಯಾಯಿತಿ, ಪ್ರವಾಸ, ಬಹುಮಾನ ಯಾವುದನ್ನು ಪಡೆದಿದ್ದರೂ ಹೇಳಬೇಕು. ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೋದೊಳಗೆ ಬಾಯಲ್ಲಿ ಹೇಳಬೇಕು, ಅಕ್ಷರದಲ್ಲೂ ತೋರಿಸಬೇಕು. ಲೈವ್ ಆದರೆ ಶುರುವಿನಿಂದ ಕೊನೆಯವರೆಗೆ ಪರದೆಯ ಮೇಲೆ ಇರಬೇಕು. ದಾರಿತಪ್ಪಿಸುವ ಪ್ರಚಾರ ಮಾಡಿದರೆ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ನೀವು ಕನ್ನಡ, ತುಳುವಿನಲ್ಲಿ ಮಾತಾಡುವವರು, ಇದನ್ನೂ ಅದೇ ಭಾಷೆಯಲ್ಲಿ ಹೇಳಿ. ಮೂಲೆಯಲ್ಲಿ ಸಣ್ಣಗೆ ಒಂದು ಇಂಗ್ಲಿಷ್ ಪದ ಹಾಕಿದರೆ ನಿಮ್ಮ ಚಾನೆಲ್ ನೋಡುವ ಚಿಕ್ಕಪ್ಪನಿಗೆ ಅದು ಮುಟ್ಟುವುದಿಲ್ಲ.

ಕಂಪನಿಗೆ ಹೀಗೆ ಬರೆಯಿರಿ: ಕೀ ತೆಗೆದುಕೊಳ್ಳುತ್ತೇವೆ, ಆಟ ಹಿಡಿಸಲಿ ಬಿಡಲಿ ವಿಡಿಯೋ ಹಾಕುತ್ತೇವೆ, ಕೀ ನೀವು ಕೊಟ್ಟದ್ದು ಎಂದು ಮೊದಲ ಅರ್ಧ ನಿಮಿಷದಲ್ಲೇ ಹೇಳುತ್ತೇವೆ. ಒಪ್ಪಿದರೆ ತೆಗೆದುಕೊಳ್ಳಿ. ಒಪ್ಪದಿದ್ದರೆ ಅವರಿಗೆ ಬೇಕಾಗಿದ್ದುದು ಜಾಹೀರಾತು ಎಂದು ಗೊತ್ತಾಯಿತು.

ಪ್ರಶ್ನೆ: ಒಂದು ವರ್ಷ ದುಡ್ಡು ಕೂಡಿಟ್ಟು ದೊಡ್ಡ ಆಟವೊಂದನ್ನು ಬಿಡುಗಡೆಯ ದಿನವೇ ಖರೀದಿಸಿದೆ. ನಮ್ಮ ಹಳೆಯ ಕನ್ಸೋಲಿನಲ್ಲಿ ಅದು ಓಡುವುದೇ ಇಲ್ಲ, ತಡೆತಡೆದು ನಿಲ್ಲುತ್ತದೆ. ರಿವ್ಯೂಗಳಲ್ಲಿ ಎಲ್ಲರೂ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ಇವರೆಲ್ಲ ದುಡ್ಡು ತಿಂದವರೇ?
– ಮೆಡಿಕಲ್ ಅಂಗಡಿಯಲ್ಲಿ ಕೆಲಸ, ಬಂಟ್ವಾಳ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ದುಡ್ಡು ತಿಂದರು ಎಂದು ಪುರಾವೆ ಇಲ್ಲದೆ ಹೇಳಬೇಡಿ. ಹೆಚ್ಚಿನ ಸಲ ಆಗುವುದು ಬೇರೆ. 2020ರ ಡಿಸೆಂಬರ್ 10ರಂದು ಬಂದ 'ಸೈಬರ್‌ಪಂಕ್ 2077' ಉದಾಹರಣೆ ನೋಡಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಅದರಲ್ಲೂ ತಾವು ಆಡಿದ ದೃಶ್ಯವನ್ನು ತೋರಿಸುವಂತಿಲ್ಲ, ಕಂಪನಿ ಕೊಟ್ಟ ತುಣುಕುಗಳನ್ನೇ ಹಾಕಬೇಕು ಎಂಬ ಕಟ್ಟಳೆ. ಕಂಪ್ಯೂಟರಿನಲ್ಲಿ ಆಡಿದವರು ಅಂಕ ಸುರಿದರು. ಪ್ಲೇಸ್ಟೇಷನ್ 4ರಲ್ಲಿ ಆಡಿದವರಿಗೆ ಸಿಕ್ಕಿದ್ದು ಅರೆಬೆಂದ ಆಟ. ಒಂದು ವಾರದಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದು ದುಡ್ಡು ಹಿಂದಿರುಗಿಸಿತು. ಮರಳಿ ಇಟ್ಟದ್ದು 2021ರ ಜೂನ್‌ನಲ್ಲಿ. ಆಮೇಲೆ ಕಂಪನಿ ವರ್ಷಗಟ್ಟಲೆ ದುಡಿದು ಆಟವನ್ನು ರಿಪೇರಿ ಮಾಡಿತು, ಅದನ್ನೂ ಹೇಳಬೇಕು. ಆದರೆ ಮೊದಲ ದಿನ ಕೊಂಡವನು ಪೂರ್ತಿ ಬೆಲೆ ಕೊಟ್ಟಿದ್ದ.

ಆ ವಿಮರ್ಶಕರು ಲಂಚಕೋರರಲ್ಲ. ಆದರೆ 'ಕನ್ಸೋಲಿನಲ್ಲಿ ಹೇಗಿದೆ ಎಂದು ನಮಗೆ ನೋಡಲು ಬಿಟ್ಟಿಲ್ಲ' ಎಂಬ ಸಾಲನ್ನು ಅಂಕದ ಪಕ್ಕದಲ್ಲಿ ಅಂಕದಷ್ಟೇ ದೊಡ್ಡದಾಗಿ ಬರೆಯಬೇಕಿತ್ತು. ಕೆಲವರು ಬರೆದರು, ಹಲವರು ಬರೆಯಲಿಲ್ಲ. ನನ್ನ ದೃಷ್ಟಿಯಲ್ಲಿ ವಿಮರ್ಶಕನ ಮೊದಲ ಕರ್ತವ್ಯ ತನಗೆ ತೋರಿಸದೆ ಉಳಿಸಿದ್ದು ಯಾವುದು ಎಂದು ಓದುಗನಿಗೆ ತಿಳಿಸುವುದು.

ದುಡ್ಡು ವಾಪಸ್ ಪಡೆಯುವ ದಾರಿ: ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡಿದ್ದರೆ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಕಾರಣ ಕೇಳದೆ ಕೊಡುತ್ತಾರೆ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಒಮ್ಮೆ ಡೌನ್‌ಲೋಡ್ ಶುರುವಾದರೆ ಕಷ್ಟ, ಆಟ ದೋಷಪೂರಿತ ಎಂದು ಬರೆದು ಕೇಳಬೇಕು. ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ದೂರು ಕೊಡಬಹುದು. ಮುಂದಿನ ಸಲ ಬಿಡುಗಡೆಯಾಗಿ ಎರಡು ವಾರ ಕಾಯಿರಿ, ನಿಮ್ಮದೇ ಕನ್ಸೋಲಿನಲ್ಲಿ ಆಡಿದವರ ವಿಡಿಯೋ ಹುಡುಕಿ ನೋಡಿ. ಮುಂಗಡ ಬುಕಿಂಗ್ ಮಾತ್ರ ಬೇಡವೇ ಬೇಡ. ಡೌನ್‌ಲೋಡ್ ಆಗುವ ವಸ್ತು ಸ್ಟಾಕ್ ಮುಗಿದುಹೋಗುವುದಿಲ್ಲ.

ಪ್ರಶ್ನೆ: ಮೆಟಾಕ್ರಿಟಿಕ್ ಅಂಕ ನೋಡಿ ಆಟ ಕೊಳ್ಳುವುದು ಸರಿಯಾ?
– ಪದವಿ ವಿದ್ಯಾರ್ಥಿ, ಮೂಡುಬಿದಿರೆ

ಉತ್ತರ: ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಕಡಲಕೆರೆಯ ಕೋಟಿ-ಚೆನ್ನಯ ಕಂಬಳ ನೋಡಿದವರು ನೀವು, ನಿಮಗೆ ಇದು ಬೇಗ ಅರ್ಥವಾದೀತು. ಹಗ್ಗ, ನೇಗಿಲು ವಿಭಾಗಗಳಲ್ಲಿ ನೋಡುವುದು ಓಟದ ವೇಗ. ಕನೆಹಲಗೆಯಲ್ಲಿ ನೋಡುವುದು ನೀರು ಎಷ್ಟು ಎತ್ತರ ಚಿಮ್ಮಿ ನಿಶಾನೆ ಮುಟ್ಟಿತು ಎಂದು. ಎರಡನ್ನೂ ಒಟ್ಟುಗೂಡಿಸಿ ಸರಾಸರಿ ತೆಗೆದರೆ ಯಾವ ಕೋಣ ಒಳ್ಳೆಯದು ಎಂದು ತಿಳಿಯುತ್ತದಾ? ಮೆಟಾಕ್ರಿಟಿಕ್ ಜಾಲತಾಣ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಒಬ್ಬರು ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿರುತ್ತಾರೆ, ಒಬ್ಬರು ಹತ್ತಕ್ಕೆ ಇಷ್ಟು, ಇನ್ನೊಬ್ಬರು ಎ, ಬಿ ಎಂದು ದರ್ಜೆ. ಎಲ್ಲವನ್ನೂ ನೂರಕ್ಕೆ ಇಳಿಸಿ ಕೂಡುತ್ತದೆ. ಯಾವ ಪತ್ರಿಕೆಗೆ ಎಷ್ಟು ತೂಕ ಎಂಬುದನ್ನು ಅದು ಹೊರಗೆ ಹೇಳುವುದಿಲ್ಲ.

ಒಂದೇ ಸಂಖ್ಯೆ ಹೇಗೆ ದಾರಿತಪ್ಪಿಸುತ್ತದೆ ಎಂಬುದನ್ನೂ ಕಂಬಳದಲ್ಲೇ ನೋಡಿದ್ದೇವೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ನಿಮ್ಮದೇ ತಾಲ್ಲೂಕಿನ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಭಾಗಿಸಿ 100 ಮೀಟರಿಗೆ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದರು, ದೇಶವೆಲ್ಲ ಉಸೇನ್ ಬೋಲ್ಟ್ ಹೆಸರು ಹೇಳಿತು. ಕೋಣಗಳ ಎಳೆತ, ಕೆಸರುಗದ್ದೆಯ ನೀರು ಎಲ್ಲವೂ ಆ ಸಂಖ್ಯೆಯಿಂದ ಬಿದ್ದುಹೋದವು. ಗೌಡರೇ ಆ ಹೋಲಿಕೆ ಬೇಡ ಎಂದರು.

ಆಟಗಳ ಲೋಕದಲ್ಲಿ ಇಂಥ ಸಂಖ್ಯೆಯ ಮೇಲೆ ಜನರ ಸಂಬಳವೂ ನಿಂತಿದೆ. 2010ರ 'ಫಾಲ್‌ಔಟ್: ನ್ಯೂ ವೇಗಸ್' ಮಾಡಿದ ಅಬ್ಸಿಡಿಯನ್ ಸ್ಟುಡಿಯೋಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂದು ಒಪ್ಪಂದ ಇತ್ತು, ಬಂದದ್ದು 84. ಆ ಆಟವನ್ನು ಜನ ಇವತ್ತಿಗೂ ಹುಡುಕಿ ಆಡುತ್ತಾರೆ. ಪ್ರಕಾಶಕರು ಅಂಕಕ್ಕೆ ಇಷ್ಟು ತೂಕ ಕೊಟ್ಟರೆ ಅಂಕ ಕೊಡುವವನ ಮೇಲೂ ಒತ್ತಡ ಬೀಳುತ್ತದೆ. 2007ರಲ್ಲಿ ಗೇಮ್‌ಸ್ಪಾಟ್ ಜಾಲತಾಣದ ಜೆಫ್ ಗರ್ಸ್ಟ್‌ಮನ್ 'ಕೇನ್ ಅಂಡ್ ಲಿಂಚ್' ಆಟಕ್ಕೆ ಹತ್ತಕ್ಕೆ ಆರು ಕೊಟ್ಟರು. ಅದೇ ಜಾಲತಾಣದಲ್ಲಿ ಆ ಆಟದ ಜಾಹೀರಾತು ರಾರಾಜಿಸುತ್ತಿತ್ತು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು. ಜಾಹೀರಾತಿನ ಒತ್ತಡ ಹೇಗಿತ್ತು ಎಂದು ಅವರು ಬಾಯಿಬಿಟ್ಟು ಹೇಳಿದ್ದು 2012ರಲ್ಲಿ. ಗೇಮ್ ವಿಮರ್ಶೆ ಬರೆಯುವ ನಮಗೆಲ್ಲ ಆರು ಅಂಕದ ಆ ವಿಮರ್ಶೆ ಇಂದಿಗೂ ಧೈರ್ಯ ಕೊಡುತ್ತದೆ. ಅಂಕ ನೋಡಿ, ಆಮೇಲೆ ಅತಿ ಕಡಿಮೆ ಕೊಟ್ಟವನ ಬರಹವನ್ನು ಪೂರ್ತಿ ಓದಿ. ಅವನ ತಕರಾರು ನಿಮಗೂ ತಕರಾರು ಅನಿಸಿದರೆ ಬಿಟ್ಟುಬಿಡಿ.

ಪ್ರಶ್ನೆ: ನಾನು ಬೀಡಿ ಕಟ್ಟಿ ಸಂಘದ ಕಂತಿಗೆಂದು ಅಕೌಂಟಿನಲ್ಲಿ ಇಟ್ಟಿದ್ದ ದುಡ್ಡನ್ನು ಒಂಬತ್ತನೇ ಕ್ಲಾಸಿನ ಮಗ ನನ್ನ ಮೊಬೈಲಿನಿಂದ ಆಟಕ್ಕೆ ಹಾಕಿದ್ದಾನೆ. ಬಂದೂಕಿಗೆ ಬಣ್ಣ ತೆಗೆದುಕೊಂಡೆ ಅಂತಾನೆ. ಬಣ್ಣಕ್ಕೆ ಅಷ್ಟು ದುಡ್ಡು ಉಂಟಾ? ಅವನ ಅಪ್ಪನಿಗೆ ಇನ್ನೂ ಹೇಳಿಲ್ಲ. ಎಂತ ಮಾಡುವುದು?
– ಹೆಸರು ಬೇಡ, ಬೆಳ್ತಂಗಡಿ ತಾಲ್ಲೂಕು

ಉತ್ತರ: ಅಕ್ಕ, ಮೊದಲು ಆಗಬೇಕಾದ ಕೆಲಸ. ದುಡ್ಡು ಹೋಗಿ 48 ಗಂಟೆ ದಾಟಿಲ್ಲವಾದರೆ ಇವತ್ತೇ ಗೂಗಲ್ ಪ್ಲೇಯಲ್ಲಿ ಆ ಖರೀದಿಯ ಎದುರು ರೀಫಂಡ್ ಕೇಳಿ, ಮಗು ಕೇಳದೆ ಮಾಡಿದ್ದು ಎಂದು ಬರೆಯಿರಿ. ದಾಟಿದ್ದರೂ ಬಿಡಬೇಡಿ, ಆಟದ ಕಂಪನಿಗೆ ಬರೆಯಿರಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಯಿಂದಲೇ ಮಾಡಿಸಿ, ಅವನಿಗೆ ದಾರಿ ಗೊತ್ತಿರುತ್ತದೆ. ಆಮೇಲೆ ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಯುಪಿಐ ಪಿನ್ ಬದಲಿಸಿ, ಅದರಲ್ಲಿ ಆಟೋಪೇ ಏನಾದರೂ ಇದೆಯೇ ನೋಡಿ ರದ್ದು ಮಾಡಿ. ಇನ್ನೊಂದು ವಿಷಯ ಮೆಲ್ಲ ಕೇಳಿ ತಿಳಿದುಕೊಳ್ಳಿ: ದುಡ್ಡು ಆಟಕ್ಕೇ ಹೋಯಿತೋ, ಅರ್ಧ ಬೆಲೆಗೆ ಕಾಯಿನ್ ಕೊಡುತ್ತೇನೆ ಎಂದ ಹೊರಗಿನವರ ಕೈಗೋ? ಹೊರಗಿನವರಾದರೆ ಅದು ಸೈಬರ್ ವಂಚನೆ, ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ಬಣ್ಣದ ಮಾತು. ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆಟ ಉಚಿತ, ಬಂದೂಕಿನ ಬಣ್ಣ, ತೊಡುವ ಬಟ್ಟೆಗೆ ದುಡ್ಡು. ಹೇಗೆ ಕೀಳುತ್ತಾರೆ ನೋಡಿ. ಬಣ್ಣಕ್ಕೆ ರೂಪಾಯಿಯಲ್ಲಿ ಬೆಲೆ ಬರೆದಿರುವುದಿಲ್ಲ. ಮೊದಲು ರೂಪಾಯಿ ಕೊಟ್ಟು ಆಟದೊಳಗಿನ ನಾಣ್ಯ ಕೊಳ್ಳಬೇಕು. ನಾಣ್ಯ ಸಿಗುವುದು ಅವರು ಕಟ್ಟಿದ ಗಂಟುಗಳಲ್ಲಿ ಮಾತ್ರ, ಹುಡುಗನಿಗೆ ಬೇಕಾದ ಲೆಕ್ಕಕ್ಕೆ ಅದು ಎಂದೂ ಸರಿಹೊಂದುವುದಿಲ್ಲ. ಒಂದೋ ಸ್ವಲ್ಪ ಕಡಿಮೆ ಬೀಳುತ್ತದೆ, ಇಲ್ಲ ಸ್ವಲ್ಪ ಉಳಿಯುತ್ತದೆ. ಉಳಿದದ್ದು ಇನ್ನೊಂದು ಗಂಟು ಕೊಳ್ಳಲು ಕರೆಯುತ್ತದೆ. ನಾಣ್ಯ ಕೊಟ್ಟರೂ ಬಣ್ಣ ನೇರವಾಗಿ ಸಿಗುವುದಿಲ್ಲ, ಸಿಗುವುದು ಒಂದು ಪೆಟ್ಟಿಗೆ. ಪೆಟ್ಟಿಗೆ ಮಿಂಚುತ್ತಾ, ಸದ್ದು ಮಾಡುತ್ತಾ ತೆರೆಯುತ್ತದೆ, ಒಳಗೆ ಹೆಚ್ಚಿನ ಸಲ ಇವನಿಗೆ ಬೇಡದ ವಸ್ತು. ಇನ್ನೊಮ್ಮೆ ಎಂದು ಕೈ ಹೋಗುತ್ತದೆ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಹಲವು ದೊಡ್ಡ ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಘೋಷಿಸಿತು. ಅಮೆರಿಕದಲ್ಲಿ 'ಫೋರ್ಟ್‌ನೈಟ್' ಆಟದ ಎಪಿಕ್ ಕಂಪನಿ, ಆಟಗಾರರಿಗೆ ಅರಿವಿಲ್ಲದೆ ಖರೀದಿ ಆಗುವಂತೆ ಬಟನ್ ಇಟ್ಟ ತಪ್ಪಿಗೆ 24.5 ಕೋಟಿ ಡಾಲರ್ ವಾಪಸ್ ಕೊಡಲು 2022ರಲ್ಲಿ ಒಪ್ಪಿಕೊಂಡಿತು. ದೊಡ್ಡವರೇ ಎಡವುವ ಹಾಗೆ ಕಟ್ಟಿದ ವ್ಯವಸ್ಥೆಯಲ್ಲಿ ನಿಮ್ಮ ಹುಡುಗ ಎಡವಿದ್ದಾನೆ. ಅವನನ್ನು ಕಳ್ಳ ಎಂದು ಕರೆಯಬೇಡಿ.

ನಿಮ್ಮ ಮಗ ಆಡುವ ಆಟ ಯಾವುದೆಂದು ನೀವು ಬರೆದಿಲ್ಲ, ಬೇಕಾಗಿಯೂ ಇಲ್ಲ. ಕ್ರಾಫ್ಟನ್ ಕಂಪನಿ 2021ರಲ್ಲಿ ಬಿಜಿಎಂಐ ಎಂಬ ಆಟ ತಂದಾಗ ಹದಿನೆಂಟು ವರ್ಷದ ಒಳಗಿನವರು ದಿನಕ್ಕೆ ಮೂರು ಗಂಟೆ ಮಾತ್ರ ಆಡಬಹುದು, ದಿನಕ್ಕೆ 7,000 ರೂಪಾಯಿ ಮಾತ್ರ ಖರ್ಚು ಮಾಡಬಹುದು ಎಂದು ಮಿತಿ ಹಾಕಿತು. ಮಿತಿ ಹಾಕಿದ್ದು ಒಳ್ಳೆಯದು. ಆದರೆ ಮಗುವೊಂದು ಒಂದು ದಿನದಲ್ಲಿ 7,000 ಕಳೆಯಬಹುದು ಎಂಬ ಲೆಕ್ಕ ಬೀಡಿ ಕಟ್ಟುವ ಮನೆಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಈ ಬಗ್ಗೆ ನಮ್ಮ ಗೇಮ್ ವಿಮರ್ಶಕರು ಬರೆಯುವುದು ತೀರಾ ಕಡಿಮೆ. ಚಿತ್ರ ಚೆನ್ನಾಗಿದೆ, ಬಂದೂಕು ಚೆನ್ನಾಗಿದೆ ಎಂದು ಬರೆದು, ಅಂಗಡಿಯ ಬಾಗಿಲು ಎಲ್ಲಿದೆ ಎಂದು ಹೇಳದೆ ಮುಗಿಸುತ್ತಾರೆ. ಅದು ಅರ್ಧ ವಿಮರ್ಶೆ.

ಅವನ ಅಪ್ಪನಿಗೆ ನೀವೇ ಹೇಳಿ, ಮಗ ಇಲ್ಲದ ಹೊತ್ತು ನೋಡಿ, ರೀಫಂಡ್ ಕೇಳಿಯಾಗಿದೆ ಎಂಬ ಮಾತಿನ ಸಮೇತ. ಆಟ ಪೂರ್ತಿ ನಿಲ್ಲಿಸಬೇಕಾಗಿಲ್ಲ. ನಿದ್ದೆ, ಊಟ, ಶಾಲೆ ಎಲ್ಲ ಬಿಟ್ಟು ತಿಂಗಳುಗಟ್ಟಲೆ ಅದರಲ್ಲೇ ಮುಳುಗಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಎಂಬ ಕ್ಲಿನಿಕ್ ಇದೆ. ನಿಮ್ಮ ಪತ್ರ ಓದಿದರೆ ಅಲ್ಲಿಯವರೆಗೆ ಹೋದಂತೆ ಕಾಣುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟು ಕೊಂಡ ಆಟದ ಸರ್ವರ್ ಕಂಪನಿಯೇ ಮುಚ್ಚಿದರೆ ನಮಗೇನು ಹಕ್ಕು?
– ಬಿ.ಸಿ. ರೋಡ್

ಉತ್ತರ: ಸದ್ಯಕ್ಕೆ ಬಹಳ ಕಡಿಮೆ. ನೀವು ಕೊಂಡದ್ದು ಆಡುವ ಪರವಾನಗಿ, ಆಟವಲ್ಲ ಎಂದು ಒಪ್ಪಂದದಲ್ಲಿ ಬರೆದಿರುತ್ತಾರೆ. ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ 'ದಿ ಕ್ರೂ' ಎಂಬ ಕಾರು ಓಟದ ಆಟದ ಸರ್ವರ್ ನಿಲ್ಲಿಸಿತು, ಡಿಸ್ಕ್ ಕೈಯಲ್ಲಿದ್ದರೂ ಒಬ್ಬರೇ ಆಡುವುದಕ್ಕೂ ಆಗದಂತಾಯಿತು. ಅದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿವೆ. ಅವರ ಬೇಡಿಕೆ ನ್ಯಾಯವಾದದ್ದು: ಸರ್ವರ್ ನಿಲ್ಲಿಸುವುದಾದರೆ ಆಟ ಹೇಗೋ ಓಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ. ಕೊಳ್ಳುವ ಮುಂಚೆ ಇಂಟರ್ನೆಟ್ ಇಲ್ಲದೆ ಆಡಲು ಬರುತ್ತದಾ ಎಂದು ನೋಡಿಕೊಳ್ಳಿ. ಮಳೆಗಾಲದಲ್ಲಿ ಚಾರ್ಮಾಡಿ ಬುಡದ ಊರುಗಳಲ್ಲಿ ಅದು ಹೇಗೂ ಕೇಳಬೇಕಾದ ಪ್ರಶ್ನೆ.

ಪ್ರಶ್ನೆ: ಭಾರತದವರು ಮಾಡಿದ ಆಟಗಳನ್ನು ವಿಮರ್ಶೆ ಮಾಡುವಾಗ ಸ್ವಲ್ಪ ಬಿಟ್ಟುಕೊಡಬೇಕಲ್ಲವೇ? ನಮ್ಮವರನ್ನು ನಾವೇ ತೆಗಳಿದರೆ ಹೇಗೆ?
– ಕಾಲೇಜು ಉಪನ್ಯಾಸಕಿ, ಉಜಿರೆ

ಉತ್ತರ: ಗಮನ ಹೆಚ್ಚು ಕೊಡಬೇಕು ಮೇಡಂ, ಅಂಕ ಹೆಚ್ಚು ಕೊಡಬಾರದು. ಪಬ್‌ಜಿ ಆಟ ನಿಷೇಧವಾದ ಬೆನ್ನಿಗೇ ಘೋಷಣೆಯಾದ ದೇಶೀ ಆಟ 'ಫೌಜಿ' 2021ರ ಜನವರಿ 26ರಂದು ಬಂತು. ದೇಶಾಭಿಮಾನದ ಹೆಸರಲ್ಲಿ ಲಕ್ಷಾಂತರ ಜನ ಇಳಿಸಿಕೊಂಡರು, ಆಡುವ ಮೊದಲೇ ಐದು ನಕ್ಷತ್ರ ಕೊಟ್ಟವರಿದ್ದರು. ಶುರುವಿನಲ್ಲಿ ಅದರಲ್ಲಿ ಇದ್ದದ್ದು ಗಾಲ್ವಾನ್ ಕಣಿವೆಯಲ್ಲಿ ನಡೆಯುತ್ತಾ ಹೊಡೆದಾಡುವ ಒಂದು ಚಿಕ್ಕ ಕತೆ ಮಾತ್ರ. ರೇಟಿಂಗ್ ಬೇಗ ಕುಸಿಯಿತು. ಮೊದಲೇ ಯಾರಾದರೂ ಪ್ರೀತಿಯಿಂದ 'ಇದು ಇನ್ನೂ ತಯಾರಾಗಿಲ್ಲ' ಎಂದಿದ್ದರೆ ಮಾಡಿದವರಿಗೇ ಉಪಕಾರವಾಗುತ್ತಿತ್ತು.

ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 2020ರಲ್ಲಿ ತಂದ 'ರಾಜಿ' ಇದಕ್ಕೆ ಎದುರಿನ ಉದಾಹರಣೆ. ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕತೆ, ನಡುವೆ ತೊಗಲುಗೊಂಬೆಯಾಟದಂತೆ ಸರಿಯುವ ದೃಶ್ಯಗಳು, ಪಹಾಡಿ ಚಿತ್ರಕಲೆಯ ಬಣ್ಣ. ಹೊರದೇಶದ ವಿಮರ್ಶಕರು ಆ ಚಿತ್ರಗಳನ್ನು ಕೊಂಡಾಡಿದರು, ಹೊಡೆದಾಟ ತೊಡಕಾಗಿದೆ ಎಂದೂ ಬರೆದರು. ನನ್ನ ಅಭಿಪ್ರಾಯವೂ ಅದೇ. ಹೀಗೆ ಬರೆಸಿಕೊಂಡದ್ದರಿಂದ ಆಟಕ್ಕೆ ನಷ್ಟವಾಗಲಿಲ್ಲ, ಆ ವರ್ಷ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ಪಟ್ಟಿಗೆ ನಾಮನಿರ್ದೇಶನವೂ ಸಿಕ್ಕಿತು.

ನಮ್ಮವರು ಎನ್ನಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉಡುಪಿಯಲ್ಲೇ 99ಗೇಮ್ಸ್ ಇದೆ. 'ಧೂಮ್:3' ಸಿನಿಮಾದ ಆಟ, ಹೋಟೆಲ್ ನಡೆಸುವ 'ಸ್ಟಾರ್ ಶೆಫ್' ಅವರದೇ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಸ್ಟುಡಿಯೋವನ್ನು 2019ರಲ್ಲಿ 'ಜಿಟಿಎ' ಮಾಡುವ ರಾಕ್‌ಸ್ಟಾರ್ ಕೊಂಡುಕೊಂಡಿತು. ನಿಮ್ಮ ವಿದ್ಯಾರ್ಥಿಗಳಲ್ಲಿ ಬರೆಯುವ ಆಸಕ್ತಿ ಇರುವವರಿಗೆ 'ಸ್ಟಾರ್ ಶೆಫ್' ಅನ್ನೇ ಕೊಟ್ಟು ವಿಮರ್ಶೆ ಬರೆಸಿ. ಒಂದು ಪುಟ ಆಟ ಹೇಗಿದೆ ಎಂದು, ಇನ್ನೊಂದು ಪುಟ ದುಡ್ಡು ಎಲ್ಲೆಲ್ಲಿ ಕೇಳುತ್ತದೆ, ಕೊಡದಿದ್ದರೆ ಎಷ್ಟು ಹೊತ್ತು ಕಾಯಿಸುತ್ತದೆ ಎಂದು. ಚೆನ್ನಾಗಿ ಬಂದದ್ದನ್ನು ನನಗೂ ಕಳಿಸಿ, 99ಗೇಮ್ಸ್‌ನವರಿಗೂ ಕಳಿಸಿ. ಉಡುಪಿ ಇಲ್ಲೇ ಪಕ್ಕದಲ್ಲಿದೆ, ಮಾಡಿದವರನ್ನೇ ಕಾಲೇಜಿಗೆ ಕರೆದು ಮಕ್ಕಳಿಂದ ಪ್ರಶ್ನೆ ಕೇಳಿಸಬಹುದು.